ಶೇಖರಮ್ಮ ನೋಡಿದ ದಿಲ್ಲಿ

ದಿಲ್ಲಿಯಿಂದ ಬಂದಾಗಿನಿಂದ ಶೇಖರಮ್ಮನ ಹೊಟ್ಟೆಯಲ್ಲಿ ಒಂದು ಇಡೀ ಊರು ಸಿಕ್ಕಿಹಾಕಿಕೊಂಡಿತ್ತು. ಬಾಯಿ ತೆರೆದರೆ ಎಲ್ಲಿ ಹೊರಗೆ ಬಿದ್ದುಬಿಡುತ್ತದೋ ಎಂಬ ಭಯಕ್ಕೆ ಆಕೆ ಮಾತನ್ನೇ ಕಡಿಮೆ ಮಾಡಿದ್ದಳು. ಶೇಖರಮ್ಮ ಮಾತು ಕಡಿಮೆ ಮಾಡುವುದೆಂದರೆ ಸಾಮಾನ್ಯವೇ? ಕಾಲುವೆಗೆ ನೀರು ಬಿಟ್ಟದ್ದರಿಂದ ಹಿಡಿದು ಸಾಲಗುಂದದಲ್ಲಿ ಯಾರ ಎಮ್ಮೆ ಈಯಿತು ಎಂಬುದರವರೆಗೆ, ಸಿಂಧನೂರಿನ ಆ ಓಣಿಗೆ ಸುದ್ದಿ ಹೊರಡುತ್ತಿದ್ದುದೇ ಅವಳ ಮನೆಯ ಕಟ್ಟೆಯಿಂದ. ಪಕ್ಕದ ಮನೆಯ ವಿಜಯಶ್ರೀ ಒಂದೆರಡು ದಿನ ನೋಡಿದಳು, ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಯಾಕ್ರೀ ಅಕ್ಕಾರ, ದಿಲ್ಲಿ ಹವಾ ಬಡದೈತೇನ್ರಿ? ಗಂಟಲ ನೋಯಾಕತ್ತೈತೇನು?"

"ಹೂಂನವ್ವಾ, ಅಲ್ಲಿ ಭಾಳ ಥಂಡಿ" ಎಂದು ಶೇಖರಮ್ಮ ಒಳಗೆ ಹೋಗಿ ಕದ ಮುಂದಕ್ಕೆ ಮಾಡಿಕೊಂಡಳು.

ಥಂಡಿ ಇದ್ದದ್ದು ನಿಜ. ಆದರೆ ಅದು ದಿಲ್ಲಿಯ ಥಂಡಿಯಾಗಿರಲಿಲ್ಲ. ಶೇಖರಮ್ಮನಾಗಲಿ, ಆಕೆಯ ಗಂಡ ಕರಿಬಸಯ್ಯನಾಗಲಿ ದಿಲ್ಲಿಯ ಮುಖವನ್ನೇ ನೋಡಿರಲಿಲ್ಲ. ಅವರು ನೋಡಿದ್ದು ಬೇರೆ ಊರು. ಅದರ ಹೆಸರು ಬಾಯಲ್ಲಿ ತರುವುದಿಲ್ಲವೆಂದು ಗಂಡನ ತಲೆಯ ಮೇಲೆ ಕೈಯಿಟ್ಟು ಆಕೆ ಆಣೆ ಮಾಡಿದ್ದಳು. ಹುಟ್ಟಿ ಬೆಳೆದ ಮೇಲೆ ಮೊದಲ ಸಲ ಒಂದು ದೂರದ ಊರು ನೋಡಿ ಬಂದಿದ್ದಾಳೆ, ಅದನ್ನೇ ಹೇಳುವಂತಿಲ್ಲ! ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಗಂಡನೂ ಯಾವ ಹೆಂಡತಿಗೂ ಕೊಟ್ಟಿರಲಿಕ್ಕಿಲ್ಲ.

ಈ ದಿಲ್ಲಿಯ ಹುಚ್ಚು ಕರಿಬಸಯ್ಯನಿಗೆ ಹತ್ತಿದ್ದು ಅವನ ಅಕ್ಕನಿಂದ. ಅಕ್ಕ ಅಂದರೆ ಲಿಂಗಸುಗೂರಿನ ಪಾರ್ವತೆಮ್ಮ. ಮದುವೆಯಾದ ಹೊಸದರಲ್ಲಿ ಆಕೆ ಗಂಡನ ಜೊತೆ ದಿಲ್ಲಿಗೆ ಹೋಗಿಬಂದವಳು. ಅಲ್ಲಿಂದ ಇಲ್ಲಿಯವರೆಗೆ ಆ ಮನೆತನದಲ್ಲಿ ಯಾರು ಯಾವ ಊರಿನ ಮಾತೆತ್ತಿದರೂ ಪಾರ್ವತೆಮ್ಮ ಮೂಗು ಮುರಿಯುತ್ತಿದ್ದಳು. "ಬೆಂಗಳೂರೇನ್ ಊರವ್ವಾ! ನೋಡಿದ್ರ ದಿಲ್ಲಿ ನೋಡಬೇಕು." ಅಲ್ಲಿ ಏನೇನು ನೋಡಿದಿರಿ ಅಕ್ಕಾರ ಎಂದು ಯಾರಾದರೂ ಕೇಳಿದರೆ ಮಾತ್ರ "ಎಲ್ಲಾ ನೋಡೀವಿ" ಎಂದು ಎದ್ದು ಹೋಗುತ್ತಿದ್ದಳು. ಆಕೆಗೆ ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ತೊಟ್ಟಿಲ ಕಾರ್ಯಕ್ಕೂ ಕಿತ್ತಳೆ, ಆಸ್ಪತ್ರೆಯಲ್ಲಿ ಮಲಗಿದವರಿಗೂ ಕಿತ್ತಳೆ. ಗಂಡ ತೀರಿಕೊಂಡ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ.

ಅಕ್ಕ ನೋಡಿದ್ದನ್ನು ತಾನು ನೋಡಿಲ್ಲವಲ್ಲ ಎಂಬ ಸಂಕಟದಲ್ಲೇ ಕರಿಬಸಯ್ಯ ಬಟ್ಟೆ ಅಂಗಡಿ ನಡೆಸುತ್ತ ತಲೆ ಹಣ್ಣು ಮಾಡಿಕೊಂಡ. ಕೊನೆಗೆ ಕಳೆದ ಡಿಸೆಂಬರಿನಲ್ಲಿ, ಭತ್ತದ ಸುಗ್ಗಿಯ ವ್ಯಾಪಾರ ಮುಗಿದ ಮೇಲೆ, ರೈಲಿನ ಟಿಕೀಟು ಮಾಡಿಸಿಯೇಬಿಟ್ಟ. ಬಜಾರಿನವರು ಸುಮ್ಮನಿರುತ್ತಾರೆಯೇ? ಪಕ್ಕದ ಅಂಗಡಿಯ ಟೇಲರ್ ಖಾದರಬಾಷಾ ಮುಂದಾಳಾಗಿ ನಿಂತು ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಹಾಕಿಸಿದ. "ದಿಲ್ಲಿ ಪ್ರವಾಸ ಕೈಗೊಂಡ ಶ್ರೀ ಕರಿಬಸಯ್ಯನವರಿಗೆ ಹಾರ್ದಿಕ ಶುಭಾಶಯಗಳು." ಕೈಮುಗಿದು ನಿಂತ ಕರಿಬಸಯ್ಯ, ಅವನ ಬೆನ್ನಿಗೆ ಅಂಟಿಸಿದ ಕೆಂಪುಕೋಟೆ, ಕೆಳಗೆ ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಿನ ಶೇಖರಮ್ಮ. ಹೋಗುವ ಮೊದಲೇ ಹೋಗಿ ಬಂದಷ್ಟು ಹೆಸರಾಯಿತು.

ಇಬ್ಬರೂ ರಾಯಚೂರಿನಲ್ಲಿ ರೈಲು ಹತ್ತಿದರು. ಎದುರಿನ ಬರ್ತಿನಲ್ಲಿ ಸಿದ್ದರಾಮ ಎಂಬ ಮಿಲಿಟರಿ ಹುಡುಗ, ಮಸ್ಕಿ ಕಡೆಯವನು, ರಜೆ ಮುಗಿಸಿ ಡ್ಯೂಟಿಗೆ ಹೊರಟವನು ಸಿಕ್ಕ. ನಮ್ಮ ಕಡೆಯವನೇ ಸಿಕ್ಕ ಮೇಲೆ ಇನ್ನೇನು, ದಾರಿಯುದ್ದಕ್ಕೂ ರೊಟ್ಟಿ, ಶೇಂಗಾ ಚಟ್ನಿ, ಮಾತು, ಫೋನ್ ನಂಬರಿನ ವಿನಿಮಯ. ಎಲ್ಲ ಸರಿಯಾಗಿಯೇ ಇತ್ತು. ತೊಡಕಾದದ್ದು ಕರಿಬಸಯ್ಯನ ಪೂಜೆಯದು.

ಕರಿಬಸಯ್ಯ ನೇಮದ ಮನುಷ್ಯ. ಬೆಳಿಗ್ಗೆ ಮೈಮೇಲೆ ನೀರು ಹಾಕಿಕೊಂಡು, ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ಗುಟುಕು ಚಹಾ ಕೂಡ ಮುಟ್ಟುವವನಲ್ಲ. ಶೇಖರಮ್ಮನೇನೋ ಬರ್ತಿನ ಮೇಲೆಯೇ ಕುಳಿತು, ಬಾಟಲಿ ನೀರಿನಲ್ಲಿ ತನ್ನ ಲಿಂಗಪೂಜೆಯನ್ನು ಭಕ್ತಿಯಿಂದಲೇ ಚುಟುಕಾಗಿ ಮುಗಿಸಿದ್ದಳು. ಇವನಿಗೆ ಅದು ಆಗಿಬರಲಿಲ್ಲ. "ಸಂಡಾಸದ ಪಕ್ಕದ ನಳದ ನೀರು ಲಿಂಗಕ್ಕ ಹಾಕಲ್ಯಾ?" ಎಂದು ಮೊದಲ ದಿನ ಸೊಲ್ಲಾಪುರದ ಪ್ಲಾಟ್‌ಫಾರ್ಮಿನ ಮೇಲೆ ಪೂಜೆ ಮುಗಿಸಿ ಗೆದ್ದು ಬಂದ. ಆ ಗೆಲುವೇ ತಲೆಗೆ ಏರಿತು.

ಮರುದಿನ ಬೆಳಿಗ್ಗೆ ಗಾಡಿ ಗ್ವಾಲಿಯರ್‌ನಲ್ಲಿ ನಿಂತಾಗ ಹೊರಗೆ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. "ಸಿಗ್ನಲ್ ಇಲ್ಲ, ಗಾಡಿ ಈಗಲೇ ಬಿಡುವುದಿಲ್ಲ" ಎಂದು ಚಹಾದವನು ಹೇಳಿದ್ದೇ ತಡ, ಕರಿಬಸಯ್ಯ ಅಂಗಿ ಬನಿಯನ್ನು ಬರ್ತಿನ ಮೇಲೆ ಬಿಟ್ಟು, ಬರೀ ಪಂಚೆ ಉಟ್ಟು, ತಂಬಿಗೆ ಹಿಡಿದು ಇಳಿದ. ಹಿಂದೆ ಟವೆಲ್ಲು, ವಿಭೂತಿ, ಬಿಲ್ವಪತ್ರೆ ಹಿಡಿದುಕೊಂಡು ಶೇಖರಮ್ಮ. ಆ ಚಳಿಯಲ್ಲಿ ನಳದ ಕೆಳಗೆ "ಹರಹರಾ" ಎಂದು ನೀರು ಹಾಕಿಕೊಂಡವನನ್ನು ನೋಡಿ ಶಾಲು ಹೊದ್ದ ಮಂದಿಯೆಲ್ಲ ನಡುಗಿದರು. ಅವನು ಬೆಂಚಿನ ಮೇಲೆ ಪದ್ಮಾಸನ ಹಾಕಿ, ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದ. ಆಗ ಸಿಗ್ನಲ್ ಬಿತ್ತು.

ಗಾಡಿ ಮೆಲ್ಲಗೆ ಅಲ್ಲಾಡಿದ್ದನ್ನು ಶೇಖರಮ್ಮ ನೋಡಿದಳು. "ರೀ" ಎಂಬುದು ಗಂಟಲವರೆಗೆ ಬಂತು. ಆದರೆ ಲಿಂಗ ಅಂಗೈಯಲ್ಲಿರುವಾಗ ಆಕಾಶವೇ ಬಿದ್ದರೂ ಮಾತಾಡಿಸಬಾರದು ಎಂದು ಮದುವೆಯಾದ ಮೊದಲ ವಾರವೇ ಅಪ್ಪಣೆ ಕೊಡಿಸಿದವನು ಅವನೇ. ಇಷ್ಟು ವರ್ಷ ಆಕೆ ಅದನ್ನು ಒಮ್ಮೆಯೂ ಮೀರಿರಲಿಲ್ಲ. ಈಗ ಮೀರುವುದೇ? ಅಷ್ಟರಲ್ಲಿ ಮಂಜು ಕೊಂಚ ಸರಿದು, ಊರಿನ ನಡುವೆ ಗುಡ್ಡದ ಮೇಲೆ ಒಂದು ದೊಡ್ಡ ಕೋಟೆ ಕಾಣಿಸಿತು. ಶೇಖರಮ್ಮ ಕೋಟೆ ನೋಡುತ್ತ ನಿಂತಳು. ಪೂಜೆ ಮುಗಿದು ಕರಿಬಸಯ್ಯ ಕಣ್ಣು ತೆರೆದಾಗ ಎದುರಿಗೆ ಬರೀ ಹಳಿ ಇತ್ತು.

"ಗಾಡಿ ಎಲ್ಲಿ?"

"ಹೋತು."

"ಹೋತು ಅಂದ್ರ? ನೀ ಏನ್ ಮಾಡಾಕತ್ತಿದ್ದಿ?"

"ಪೂಜ್ಯಾಗ ಮಾತಾಡಿಸಬಾರದು ಅಂತ ನೀವs ಹೇಳೀರಲ್ರಿ."

ಫೋನು ಮತ್ತು ರೊಕ್ಕ ಮಾತ್ರ ಶೇಖರಮ್ಮನ ನಡುವಿನ ಸಂಚಿಯಲ್ಲಿ ಪುಣ್ಯಕ್ಕೆ ಉಳಿದಿದ್ದವು. ಸಿದ್ದರಾಮ ತಾನೇ ಫೋನ್ ಮಾಡಿದ. "ಅಯ್ಯನೋರ, ಗಾಬರಿ ಆಗಬ್ಯಾಡ್ರಿ. ನಿಮ್ಮ ಎರಡೂ ಬ್ಯಾಗು ನನ್ನ ಹಂತ್ಯಾಕ ಅದಾವು. ನೀವು ದಿಲ್ಲಿಗಿ ಬಂದ್ರ ಕೊಡ್ತೀನಿ, ಬರದಿದ್ರ ನೀವು ವಾಪಸ್ ಹೋಗೋ ಗಾಡ್ಯಾಗs ನಮ್ಮ ದೋಸ್ತ ಒಬ್ಬಾವ ಊರಿಗಿ ಹೊಂಟಾನ, ಅವನ ಕೈಯಾಗ ಕಳಸ್ತೀನಿ."

"ಬರದಿದ್ರ ಅಂದ್ರೇನು? ಸಂಜಿ ಗಾಡಿಗೇ ಬರ್ತೀವಿ!" ಎಂದು ಕರಿಬಸಯ್ಯ ಬರಿಮೈಯಲ್ಲಿ ನಡುಗುತ್ತ ಗುಡುಗಿದ.

ಮೊದಲು ಅಂಗಿ ಆಗಬೇಕಿತ್ತು. ಸ್ಟೇಷನ್ನಿನ ಎದುರಿನ ಬಟ್ಟೆ ಅಂಗಡಿಗೆ ನುಗ್ಗಿ, ಖಾದರಬಾಷಾನಿಂದ ಕಲಿತ ಭಾಷೆಯಲ್ಲಿ "ಗಾಡಿ ಗಯಾ, ಶರ್ಟ್ ಹೋನಾ ಭಾಯ್" ಎಂದ. ಅಂಗಡಿಯವನು ತಂದಿಟ್ಟ ಅಂಗಿಯನ್ನು ಈ ಮಹಾರಾಯ ಕೂಡಲೇ ಹಾಕಿಕೊಂಡನೇ? ಇಲ್ಲ. ಹಲ್ಲು ಕಟಕಟ ಎನ್ನುತ್ತಿದ್ದರೂ ಅರಿವೆಯನ್ನು ಬೆರಳಲ್ಲಿ ತಿಕ್ಕಿ ನೋಡಿದ, ಹೊಲಿಗೆ ಎಳೆದು ನೋಡಿದ, ಕಾಲರಿನ ಬಗ್ಗೆ ಒಂದು ಭಾಷಣ ಬಿಗಿದ. ಕೊನೆಗೆ ಶೇಖರಮ್ಮ ಕಸಿದುಕೊಂಡು ಅವನ ತಲೆಗೆ ತೂರಿಸಿದಳು.

ಸಂಜೆಯ ಗಾಡಿಯವರೆಗೆ ಹೊತ್ತು ಕಳೆಯಬೇಕಲ್ಲ ಎಂದು ಕೋಟೆ ಹತ್ತಿದರು. ಆ ಕೋಟೆಯ ಅರಮನೆಯ ಗೋಡೆಯ ಮೇಲೆ ನೀಲಿ ಹೆಂಚುಗಳು, ನೀಲಿಯ ಮೇಲೆ ಸಾಲಾಗಿ ಹಳದಿ ಬಾತುಕೋಳಿಗಳು! ರಾಜರ ಕೋಟೆಯೆಂದರೆ ಹುಲಿ ಸಿಂಹ ಇರುತ್ತವೆ ಎಂದುಕೊಂಡಿದ್ದ ಶೇಖರಮ್ಮನಿಗೆ ಆ ಬಾತುಕೋಳಿ ಮಾಡಿಸಿದ ರಾಜನ ಮೇಲೆ ಪ್ರೀತಿಯೇ ಉಕ್ಕಿತು. ಇನ್ನೊಂದು ಮಗ್ಗುಲಿಗೆ ಅತ್ತೆ-ಸೊಸೆ ಗುಡಿ. ದೊಡ್ಡದು ಅತ್ತೆಯದಂತೆ, ಸಣ್ಣದು ಸೊಸೆಯದಂತೆ. "ಇಲ್ಲೀನೂ ಹಿಂಗs ನೋಡ್ರಿ" ಎಂದು ಆಕೆ ನಕ್ಕ ನಗೆಗೆ ಗುಡಿಯ ಪಾರಿವಾಳಗಳು ಹಾರಿದವು.

ಅಲ್ಲಿನ ಗೈಡು ನಿಮ್ಮದು ಯಾವ ಊರು ಎಂದು ಕೇಳಿದ. ಸಿಂಧನೂರು ಅವನಿಗೆ ತಿಳಿಯಲಿಲ್ಲ. ಮಸ್ಕಿ ಹತ್ತಿರ ಎಂದದ್ದೇ ಕೈ ಮುಗಿದುಬಿಟ್ಟ. ಅಶೋಕನ ಹೆಸರಿರುವ ಶಾಸನ ಅಲ್ಲಿದೆಯಲ್ಲ, ಒಮ್ಮೆಯಾದರೂ ನೋಡಬೇಕೆಂದು ಆಸೆ, ಹೇಗಿದೆ ಅದು ಎಂದು ಕೇಳಿದ. ಸೋದರಸಂಬಂಧಿಗಳ ಮನೆಗೆಂದು ಮಸ್ಕಿಗೆ ನೂರು ಸಲ ಹೋದರೂ ಆ ಬಂಡೆಯ ಕಡೆಗೆ ತಲೆ ಹಾಕದ ಕರಿಬಸಯ್ಯ, "ಭಾಳ ದೊಡ್ಡದು, ನಿಮ್ಮ ಈ ಕೋಟಿಯಷ್ಟು" ಎಂದು ಹಿಂದಿಯಲ್ಲಿ ಬಿಟ್ಟ. ಗೈಡು ನಂಬಿದ.

ಇಳಿದು ಬಂದ ಮೇಲೆ ತಾನ್‌ಸೇನನ ಗೋರಿ. ಅದರ ಪಕ್ಕದ ಹುಣಸೆ ಗಿಡದ ಎಲೆ ಜಗಿದರೆ ಕಂಠ ಇಂಪಾಗುತ್ತದೆಂದು ಅಲ್ಲಿನವರ ನಂಬಿಕೆ. ಕರಿಬಸಯ್ಯ ಸೋಮವಾರದ ಭಜನೆಯಲ್ಲಿ ಹಾಡುವವನು. ಅವನು ಹಾಡಿದರೆ ಓಣಿಯ ನಾಯಿಗಳು ಎದ್ದು ಬೇರೆ ಓಣಿಗೆ ಹೋಗುತ್ತಿದ್ದವು. ಎಲೆ ಜಗಿದು, ಕೆಮ್ಮಿ, ಮೆಲ್ಲಗೆ ಒಂದು ರಾಗ ಎಳೆದ. "ಹೆಂಗೈತಿ?" ಎಂದ. ಶೇಖರಮ್ಮ ಗಂಭೀರವಾಗಿ, "ಫರಕ್ ಆಗೈತ್ರಿ, ಆದ್ರ ಒಂದs ಸಲ ತಿಂದ್ರ ಸಾಲಂಗಿಲ್ಲ ಅನಸ್ತೈತಿ" ಎಂದಳು.

ಸಂಜೆಯ ಗಾಡಿ ಇವರನ್ನು ಬಿಟ್ಟೇ ಹೋಯಿತು, ರಾತ್ರಿ ಒಂದು ಲಾಡ್ಜಿನಲ್ಲಿ ಕಳೆಯಿತು. ಮರುದಿನ ಎಲೆ ತಿನ್ನಲು ಅವನೇ ಮುಂದೆ ಹೊರಟ. ಬೆಳಿಗ್ಗೆ ಬಿಸಿ ಕಚೋರಿ, ಮಧ್ಯಾಹ್ನ ಊರಿನ ಸಂದಿಗೊಂದಿ, ಸಂಜೆ ಎಳ್ಳಿನ ಗಜಕ್ ಮಿಠಾಯಿ ಕಡಿಯುತ್ತ ಕೈ ಬೀಸಿಕೊಂಡು ತಿರುಗಾಟ. ಯಾರೂ ಗುರುತಿನವರಿಲ್ಲ, ಅಂಗಡಿ ತೆರೆಯುವ ಹೊತ್ತಾಯಿತೆನ್ನುವವರಿಲ್ಲ. ಒಂದು ಸಲ ರಸ್ತೆ ದಾಟುವಾಗ ಕರಿಬಸಯ್ಯ ಹೆಂಡತಿಯ ಕೈ ಹಿಡಿದ, ದಾಟಿದ ಮೇಲೂ ಬಿಡುವುದನ್ನು ಮರೆತ. ಶೇಖರಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಆಕೆಗೆ ಅಳು ಬಂತು.

ಸಿದ್ದರಾಮನ ತುಂಟತನ ಬೇರೆ. ಒಂದು ದಿನ ವಾಟ್ಸಪ್ಪಿನಲ್ಲಿ ಫೋಟೋ ಬಂತು. ಕೆಂಪುಕೋಟೆಯ ಮುಂದೆ ಕರಿಬಸಯ್ಯನ ಎರಡು ಬ್ಯಾಗು, ಗಂಡ ಹೆಂಡತಿಯ ಹಾಗೆ ಪಕ್ಕಪಕ್ಕ. "ಇವು ದಿಲ್ಲಿ ನೋಡಿದ್ವು, ನೀವು ಯಾವಾಗ ಬರ್ತೀರಿ?" ಎಂದು ಕೆಳಗೆ ಬರೆದಿದ್ದ.

ಆಗ ಕರಿಬಸಯ್ಯನಿಗೆ ಎಚ್ಚರವಾಯಿತು. ಫ್ಲೆಕ್ಸು ನೆನಪಾಯಿತು, ಅಕ್ಕ ನೆನಪಾದಳು. ವಾಪಸ್ ಗಾಡಿ ಬರುವ ಹೊತ್ತು ಹತ್ತಿರವಾಗಿತ್ತು. ಪ್ಲಾಟ್‌ಫಾರ್ಮಿನ ಅದೇ ಬೆಂಚಿನ ಮೇಲೆ ಕುಳಿತು, "ಆ ಫೋಟೋ ತಗದಹಾಕು. ನಾವು ದಿಲ್ಲಿ ನೋಡೀವಿ. ಈ ಊರ ಹೆಸರು ಬಾಯಾಗ ಬರಬಾರದು. ನನ್ನ ತಲಿ ಮುಟ್ಟಿ ಹೇಳು" ಎಂದ. ಆಕೆ ತಲೆ ಮುಟ್ಟಿ ಹೇಳಿದಳು. ಫೋಟೋ ತೆಗೆದುಹಾಕಿದೆ ಎಂದು ಅದನ್ನೂ ಹೇಳಿದಳು.

ಸಿಂಧನೂರಿಗೆ ಬಂದ ಮೇಲೆ ಕರಿಬಸಯ್ಯನ ದಿಲ್ಲಿ ಪುರಾಣ ಶುರುವಾಯಿತು. ಟೀವಿಯಲ್ಲಿ ನೋಡಿದ್ದನ್ನೆಲ್ಲ ಹೇಳಿದ. ಫೋಟೋ ತೋರಿಸ್ರಿ ಎಂದರೆ "ಅಲ್ಲೆಲ್ಲಾ ಫೋನ್ ಒಳಗ ಬಿಡಂಗಿಲ್ಲ, ಭಾಳ ಬಂದೋಬಸ್ತ್" ಎಂದ. ಕೇಳುವವರು ಆಕಳಿಸುತ್ತಿದ್ದರು. ಟೀವಿ ಅವರ ಮನೆಯಲ್ಲೂ ಇತ್ತಲ್ಲ! ಶೇಖರಮ್ಮ ಮಾತ್ರ ನೀಲಿ ಗೋಡೆಯನ್ನೂ ಬಾತುಕೋಳಿಗಳನ್ನೂ ಬಾಯಲ್ಲಿ ಅದುಮಿಟ್ಟುಕೊಂಡು ರೊಟ್ಟಿ ಬಡಿದಳು.

ಹೀಗಿರುವಾಗ ಮಸ್ಕಿಯಲ್ಲಿ ಗೃಹಪ್ರವೇಶ ಬಂತು. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸದಲ್ಲಿರುವ ಗುರುಬಸವ, ಕರಿಬಸಯ್ಯನ ಚಿಕ್ಕಪ್ಪನ ಮಗ, ಹೊಸ ಮನೆ ಕಟ್ಟಿಸಿದ್ದ. ಬಂಧುಬಳಗವೆಲ್ಲ ಸೇರಿತು. ಪಾರ್ವತೆಮ್ಮ ಲಿಂಗಸುಗೂರಿನಿಂದ ಎರಡು ಚೀಲ ಕಿತ್ತಳೆ ಹೊತ್ತುಕೊಂಡು ಬಸ್ಸಿಳಿದಳು. ಹಿತ್ತಲಲ್ಲಿ ಹೋಳಿಗೆಗೆ ಕುಳಿತ ಹೆಂಗಸರ ನಡುವೆ ಶೇಖರಮ್ಮನನ್ನು ಹಿಡಿದು ಕೂರಿಸಿಕೊಂಡಳು.

"ಏನವಾ ಶೇಖರವ್ವ, ದಿಲ್ಲಿ ನೋಡಿ ಬಂದೀಯಂತ! ಹೇಳು ನೋಡಾನ, ಏನೇನ್ ನೋಡಿದಿ?"

ಸುತ್ತಲಿನ ಲಟ್ಟಣಿಗೆಗಳು ನಿಂತವು. ದಿಲ್ಲಿಯಲ್ಲಿ ಏನಿದೆಯೋ ಶೇಖರಮ್ಮನಿಗೆ ನೆನಪಾಗಲೊಲ್ಲದು. ಬಾಯಿ ತೆರೆದರೆ ಬಂದದ್ದು ಒಂದೇ.

"ಗುಡ್ಡದ ಮ್ಯಾಗ ಕೋಟಿ ಐತ್ರಿ ಅಕ್ಕಾರ. ಗ್ವಾಡಿ ತುಂಬಾ ನೀಲಿ ಹೆಂಚು, ಅದರಾಗ ಹಳದಿ ಬಾತುಕೋಳಿ."

ಮುಗಿಯಿತು ಕತೆ, ಸಿಕ್ಕಿಬಿದ್ದೆ ಎಂದು ಆಕೆ ಕಣ್ಣು ಮುಚ್ಚಿದಳು. ಪಾರ್ವತೆಮ್ಮ ತಲೆಯಾಡಿಸಿದಳು. "ಹೌದೌದು, ನಾವೂ ನೋಡೀವಿ."

ಶೇಖರಮ್ಮ ಕಣ್ಣು ಬಿಟ್ಟಳು. ದಿಲ್ಲಿಯಲ್ಲಿ ಬಾತುಕೋಳಿಯೇ? ಇನ್ನೊಂದು ಹೆಜ್ಜೆ ಮುಂದಿಟ್ಟಳು. "ಅಲ್ಲೆ ಅತ್ತಿ-ಸೊಸಿ ಗುಡಿ ಐತಲ್ರಿ?"

"ಅಯ್ಯ, ಅದನ್ನ ನೋಡದs ಬರ್ತಾರೇನು?"

"ಮತ್ತ ಆ ಹುಣಸಿ ಎಲಿ? ತಿಂದ್ರ ದನಿ ಛಲೋ ಆಕೈತಿ ಅಂತಾರಲ್ಲ, ಅದು?"

"ತಿಂದೀನವಾ, ಭಾಳ ಕಹಿ" ಎಂದಳು ಪಾರ್ವತೆಮ್ಮ.

ಹುಣಸೆ ಎಲೆ ಕಹಿ! ಶೇಖರಮ್ಮನಿಗೆ ಒಳಗೊಳಗೇ ಕಚಗುಳಿ ಇಟ್ಟಂತಾಯಿತು. ಮದುವೆಯಾದಾಗಿನಿಂದ ಕೇಳಿದ ದಿಲ್ಲಿಯ ಜಂಬವನ್ನೆಲ್ಲ ಈಗ ಬಡ್ಡಿ ಸಮೇತ ವಸೂಲು ಮಾಡಬಹುದಿತ್ತು. ಇನ್ನೂ ಕೆಣಕೋಣವೆಂದು, ಇಲ್ಲದ್ದನ್ನೇ ಹುಟ್ಟಿಸಿದಳು. "ಕೋಟಿ ಹಿಂದ ದೊಡ್ಡ ಕೆರಿ ಐತಲ್ರಿ, ದೋಣಿ ಬಿಡ್ತಾರ."

"ಬಿಡ್ತಾರ" ಎಂದಳು ಪಾರ್ವತೆಮ್ಮ. ಅಷ್ಟಕ್ಕೇ ನಿಲ್ಲಲಿಲ್ಲ. ಅವಳ ಕೈಯಲ್ಲಿನ ಹೂರಣದ ಉಂಡೆ ಹಾಗೇ ಉಳಿಯಿತು. "ಕೆರಿ ದಂಡ್ಯಾಗ ಬುಟ್ಟಿ ಬುಟ್ಟಿ ಕಿತ್ತಳಿ ಇಟಗೊಂಡು ಕುಂತಿರತಾರ. ದೋಣ್ಯಾಗ ಕುಂತು ಸುಲಕೊಂಡು ತಿಂದ್ವಿ. ನಮ್ಮ ಮನಿಯವರು ಸಿಪ್ಪಿ ಹಿಂಡಿ ನನ್ನ ಕಣ್ಣಾಗ ರಸ ಸಿಡಿಸಿದ್ರು. ಎಷ್ಟು ನಕ್ಕೆವು..."

ಕೆಣಕಲು ಹೊರಟವಳ ನಗೆ ಅಲ್ಲಿಗೇ ನಿಂತಿತು. ಈ ದನಿಯನ್ನು ಶೇಖರಮ್ಮ ಬಲ್ಲಳು. ಇದು ಸುಳ್ಳಿನ ದನಿಯಲ್ಲ. ನೋಡಿದ ಊರನ್ನು ನೋಡದ ಊರಿನ ಹೆಸರಲ್ಲಿ ಹೇಳುವವರ ದನಿ. ಆಕೆ ಪಾರ್ವತೆಮ್ಮನ ಕೈ ಹಿಡಿದು ಉಗ್ರಾಣಕ್ಕೆ ಕರೆದೊಯ್ದು ಬಾಗಿಲು ಹಾಕಿದಳು.

"ಅಕ್ಕಾರ, ನನ್ನಾಣಿ. ಆ ಕೆರಿ ಯಾವ ಊರಾಗ ಐತಿ?"

ಪಾರ್ವತೆಮ್ಮ ಅತ್ತಿತ್ತ ನೋಡಿದಳು. ಅಕ್ಕಿ ಚೀಲದ ಮೇಲೆ ಕುಳಿತಳು. "ನಾಗಪುರದಾಗ" ಎಂದಳು.

"ದಿಲ್ಲಿಗಿ ಹೋಗಲೇ ಇಲ್ಲೇನ್ರಿ?"

"ಹೈದರಾಬಾದಿನಾಗ ರೈಲು ಹತ್ತಿದ್ವಿ. ಮುಂಜಾನಿ ನಾಗಪುರ ಬಂತು. ಅವರು ತಂಬಿಗಿ ಹಿಡಕೊಂಡು ಇಳದ್ರು..."

"ಲಿಂಗಪೂಜಿಗೇನ್ರಿ?"

"ಲಿಂಗಪೂಜಿಗೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಉಗ್ರಾಣದಲ್ಲಿ ಎದ್ದ ನಗೆಗೆ ಹೊರಗಿನವರು ಬೆಲ್ಲದ ಡಬ್ಬಿ ಬಿತ್ತೆಂದುಕೊಂಡರು. ನಕ್ಕೂ ನಕ್ಕೂ ಪಾರ್ವತೆಮ್ಮನ ಕಣ್ಣಲ್ಲಿ ನೀರು ಬಂತು, ಬಂದದ್ದು ನಿಲ್ಲಲಿಲ್ಲ.

"ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ರು. ಅವರು ಹೋದ್ರು, ಆಣಿ ಹೋಗಲಿಲ್ಲ. ನನ್ನ ಬಾಳೇದಾಗ ಛಲೋ ದಿನಾ ಅಂದ್ರ ಅವs, ಶೇಖರಿ. ಒಬ್ಬರ ಮುಂದೂ ಹೇಳಿಲ್ಲ. ಅವರ ಸಂಗಾಟ ಕುಂತು ನೆನಸಾಕೂ ಆಗಲಿಲ್ಲ, ಅವರಿಗಿ ನಾಚಿಕಿ. ಈಗ ಒಬ್ಬಾಕಿನs ಹಣ್ಣು ಮೂಸಿ ನೋಡ್ಕೋತ ಕುಂದರತೀನಿ."

ಶೇಖರಮ್ಮನಿಗೆ ಮುಂದೊಂದು ದಿನ ತಾನೂ ಹೀಗೆಯೇ ಎಳ್ಳಿನ ಗಜಕ್ ಹಿಡಿದುಕೊಂಡು ಯಾರದೋ ಉಗ್ರಾಣದಲ್ಲಿ ಕುಳಿತಿರುವುದು ಕಣ್ಣಿಗೆ ಕಟ್ಟಿತು. ಬೇಡಪ್ಪಾ ಬೇಡ, ಆ ಗತಿ ನನಗೆ ಬೇಡ ಎಂದುಕೊಂಡಳು. ಅಷ್ಟರಲ್ಲಿ ಪಾರ್ವತೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಸಾಕವ್ವಾ. ಇನ್ ಯಾರ ಸಲವಾಗಿ ಮುಚ್ಚಿಡೋದು?" ಎಂದು ಸೀದಾ ಪಡಸಾಲೆಗೆ ನಡೆದಳು.

ಪಡಸಾಲೆಯಲ್ಲಿ ಕರಿಬಸಯ್ಯ ಗಂಡಸರಿಗೆ ದಿಲ್ಲಿಯ ರಸ್ತೆಗಳ ಅಗಲ ಹೇಳುತ್ತಿದ್ದ. ಪಾರ್ವತೆಮ್ಮ ನಡುವೆ ನಿಂತು, "ಎಲ್ಲಾರೂ ಕೇಳ್ರಿ. ನಾ ದಿಲ್ಲಿ ನೋಡಿಲ್ಲ. ನಾ ನೋಡಿದ್ದು ನಾಗಪುರ. ಭಾಳ ಛಂದ ಊರು" ಎಂದಳು.

ತಮ್ಮನ ಮುಖದ ಮೇಲೆ ಮೊದಲು ಆಶ್ಚರ್ಯ ಬಂತು, ಆಮೇಲೆ ನಿಧಾನವಾಗಿ ಬೆಳಗು ಹರಿಯಿತು. ಇಷ್ಟು ವರ್ಷ ಅಕ್ಕನ ಕೆಳಗೆ ಬಗ್ಗಿದ್ದ ಕುತ್ತಿಗೆ ನೆಟ್ಟಗಾಯಿತು. ಮೀಸೆಯ ಮೇಲೆ ಕೈ ಹೋಯಿತು. "ಹಂಗಾದ್ರ," ಎಂದ ಕರಿಬಸಯ್ಯ, "ನಮ್ಮ ಮನೆತನದಾಗ ದಿಲ್ಲಿ ನೋಡಿದಾವ ನಾ ಒಬ್ಬನs ಅಂತಾತು!"

ಶೇಖರಮ್ಮ ಬಾಗಿಲಲ್ಲಿ ನಿಂತಿದ್ದಳು. ಸುಮ್ಮನಿದ್ದಿದ್ದರೆ ಗಂಡನ ಮಾನ ಉಳಿಯುತ್ತಿತ್ತು, ಆ ನೀಲಿ ಊರು ಸಾಯುವತನಕ ಹೊಟ್ಟೆಯಲ್ಲೇ ಇರುತ್ತಿತ್ತು. ಆಕೆ ಅವನ ಮುಖ ನೋಡಿದಳು, ಅತ್ತು ಕೆಂಪಾದ ಪಾರ್ವತೆಮ್ಮನ ಮೂಗು ನೋಡಿದಳು. ಸಂಚಿಯಿಂದ ಫೋನು ತೆಗೆದಳು.

"ನಮ್ಮ ಮನ್ಯಾಗ ದಿಲ್ಲಿ ನೋಡಿದವು ಇವs ಎರಡು ನೋಡ್ರಿ" ಎಂದು ಬ್ಯಾಗಿನ ಫೋಟೋ ಗುರುಬಸವನ ಕೈಗೆ ಕೊಟ್ಟಳು.

ಫೋನು ಕೈಯಿಂದ ಕೈಗೆ ಹೋಯಿತು. ಗುರುಬಸವ ಗೋಡೆ ಹಿಡಿದುಕೊಂಡು ನಕ್ಕ. ಹೊಸ ಮನೆಯ ಬಣ್ಣ ಕೈಗೆ ಹತ್ತಿತು. ಶೇಖರಮ್ಮ ಬಾಗಿಲಿಗೊರಗಿ ಕುಳಿತು ಶುರುಮಾಡಿದಳು. ಮಂಜು, ತಣ್ಣೀರು, ಅಂಗಿ ಅಂಗಡಿ, ಬಾತುಕೋಳಿ, ಗ್ವಾಲಿಯರ್ ಎಂಬ ಹೆಸರನ್ನು ಬಾಯಿ ತುಂಬ ಹೇಳಿ ಹೇಳಿ ಹಗುರಾದಳು. ಹೋಳಿಗೆ ತಡವಾಯಿತು, ಯಾರೂ ಕೇಳಲಿಲ್ಲ. ಕರಿಬಸಯ್ಯ ಮಾತ್ರ ಎದ್ದು ಹೊರಗೆ ಹೋದ. ಎಲ್ಲಿಗೂ ಹೋಗಲು ತೋಚದೆ, ಜೀವಮಾನದಲ್ಲಿ ಮೊದಲ ಸಲ, ಅಶೋಕನ ಬಂಡೆಯ ಹತ್ತಿರ ಹೋಗಿ ಕುಳಿತುಬಂದ.

ಸಿಂಧನೂರಿನ ಬಸ್ಸು ಹತ್ತಿದ ಮೇಲೆ ಅವನು ಆಡಿದ ಮೊದಲ ಮಾತು, "ಆಣಿ ಮುರದಿ."

"ತಪ್ಪಾತ್ರಿ. ಆದ್ರ ನಿಮ್ಮ ಸಂಗಾಟ ತಿರಗಿದ ಊರ್‍ನ ಇಲ್ಲಾ ಅನ್ನೋದು ನನ್ನ ಕೈಲಿ ಆಗಲಿಲ್ಲ" ಎಂದಳು ಶೇಖರಮ್ಮ. ಅವನು ಕಿಟಕಿಯ ಕಡೆಗೆ ತಿರುಗಿಕೊಂಡ. ಬಂಡೆ ಹೇಗಿತ್ತು ಎಂದು ಆಕೆ ಕೇಳಿದ್ದಕ್ಕೆ, "ಅಷ್ಟೇನ್ ದೊಡ್ಡದಿಲ್ಲ. ಆದ್ರ ನೋಡೂವಂಗ ಐತಿ" ಎಂದ.

ಮರುದಿನ ಅಂಗಡಿಗೆ ಹೆದರುತ್ತಲೇ ಹೋದ. ಸುದ್ದಿ ಮೊದಲ ಬಸ್ಸಿಗೇ ಬಂದಿತ್ತು. ಖಾದರಬಾಷಾ ಅಳತೆ ಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಓಡಿಬಂದ. ಇನ್ನು ಮಾನ ಹೋಯಿತು ಎಂದು ಕರಿಬಸಯ್ಯ ಕಣ್ಣು ಕೆಳಗೆ ಮಾಡಿದ.

"ಅಯ್ಯನೋರ, ಖರೇ ಹೇಳ್ರಿ. ಆ ಥಂಡ್ಯಾಗ ಬರಿಮೈಲೆ ನಿಂತು ಕಾಲರ್ ಸರಿ ಇಲ್ಲ ಅಂದ್ರಂತಲ್ಲ, ಹೌದೇನ್ರಿ?"

ಕರಿಬಸಯ್ಯ ಬಾಯಿ ತೆರೆದ. ಎದುರಿನ ಅಂಗಡಿಯವರೂ ಬಂದು ಕುಳಿತರು, ಚಹಾ ಬಂತು, ಮತ್ತೊಮ್ಮೆ ಬಂತು. ದಿಲ್ಲಿಗೆ ಆಕಳಿಸಿದವರು ಗ್ವಾಲಿಯರ್‌ಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯ ಹೊತ್ತಿಗೆ ಅವನು ಹುಣಸೆ ಎಲೆಯ ಪ್ರಭಾವ ತೋರಿಸಲು ಹಾಡಿಯೂ ಬಿಟ್ಟ. ನಾಯಿಗಳು ಎದ್ದು ಹೋದವು, ಮನುಷ್ಯರು ಕುಳಿತೇ ಇದ್ದರು.

ಮುಂದಿನ ಡಿಸೆಂಬರಿಗೆ ಮತ್ತೆ ಟಿಕೀಟಾಯಿತು. ಈ ಸಲ ಪಾರ್ವತೆಮ್ಮನೂ ಜೊತೆಗೆ. "ಈ ಸಲ ದಿಲ್ಲಿ ಅಂದ್ರ ದಿಲ್ಲಿ" ಎಂದು ಕರಿಬಸಯ್ಯ ಬಜಾರಿನಲ್ಲಿ ಸಾರಿದ. ಯಾರೂ ಫ್ಲೆಕ್ಸ್ ಹಾಕಲಿಲ್ಲ, ಎಲ್ಲರೂ ನಕ್ಕರು.

ಎರಡನೆಯ ಬೆಳಿಗ್ಗೆ ಗಾಡಿ ಝಾನ್ಸಿಯಲ್ಲಿ ನಿಂತಿತು. ಅದೇ ಮಂಜು. ಕರಿಬಸಯ್ಯ ತಂಬಿಗೆ ಹಿಡಿದು ಎದ್ದ. ಇನ್ನೊಂದು ಕೈಯಲ್ಲಿ ಎರಡೂ ಬ್ಯಾಗು. ಮೈಮೇಲೆ ಅಂಗಿಯೂ ಇತ್ತು.

"ಪೂಜಿಗಿ ಬ್ಯಾಗ್ಯಾಕ್ರಿ?"

"ಕಳ್ಳರು ಭಾಳ ಅದಾರ ಇತ್ತಿತ್ಲಾಗ. ಅಕ್ಕಂದೂ ಇಳಸು" ಎಂದು ಅವನು ಮುಂದೆ ನಡೆದ.

ಸ್ನಾನವಾಯಿತು, ವಿಭೂತಿಯಾಯಿತು, ಪೂಜೆಯೂ ಆಯಿತು. ಪಾರ್ವತೆಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು. ಗಾಡಿ ಕೂಗಿತು, ಅಲ್ಲಾಡಿತು. ಈ ಸಲ ಶೇಖರಮ್ಮ ಸುಮ್ಮನಿರಲಿಲ್ಲ. "ರೀ! ಗಾಡಿ ಹೊಂಟೈತ್ರಿ!" ಎಂದು ಪ್ಲಾಟ್‌ಫಾರ್ಮ್ ಕೇಳುವಂತೆ ಕೂಗಿದಳು.

ಕರಿಬಸಯ್ಯ ಕಣ್ಣು ತೆರೆಯಲಿಲ್ಲ. ಎಡಗೈಯನ್ನು ಎದೆಯ ಮುಂದೆ ಇನ್ನಷ್ಟು ಭಕ್ತಿಯಿಂದ ಎತ್ತಿ ಹಿಡಿದ. ಶೇಖರಮ್ಮ ಹತ್ತಿರ ಹೋಗಿ ನೋಡಿದಳು. ಲಿಂಗ ಆಗಲೇ ಕರಡಿಗೆ ಸೇರಿ ಕೊರಳಲ್ಲಿ ತೂಗುತ್ತಿತ್ತು. ಅಂಗೈ ಖಾಲಿ ಇತ್ತು. ಮುಚ್ಚಿದ ಕಣ್ಣಿನ ಕೆಳಗೆ ಮೀಸೆ ಮಾತ್ರ ಅದುರುತ್ತಿತ್ತು.

ಆಕೆ ಪಾರ್ವತೆಮ್ಮನ ಕೈಯಿಂದ ಒಂದು ಕಿತ್ತಳೆ ತೊಳೆ ತೆಗೆದುಕೊಂಡು ಆ ಅಂಗೈ ಮೇಲೆ ಇಟ್ಟಳು. ಬೆರಳುಗಳು ಮೆಲ್ಲಗೆ ಮುಚ್ಚಿಕೊಂಡವು. ಗಾಡಿಯ ಕೊನೆಯ ಡಬ್ಬಿ ದಾಟಿಹೋಗುವವರೆಗೂ ಕರಿಬಸಯ್ಯ ಕಣ್ಣು ತೆರೆಯಲಿಲ್ಲ.